ಸೇತುವೆ ಬಿದ್ದಾಗ ಗಂಗಾವತಿಯವರು ಯಾಕೆ ಮರುಗಿದರು?

ಪ್ರಕರಣ ಇಷ್ಟೇ. ಗಂಗಾವತಿಯಲ್ಲಿ ನಾವೊಂದಿಷ್ಟು ಜನ ಸೇರಿ ಆಗಾಗ ಹಳೆ ಸಿನಿಮಾ ನೋಡುತ್ತೇವೆ. ಒಂದು ಭಾನುವಾರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಹಾಕಿದ್ದೆವು. ಡೇವಿಡ್ ಲೀನ್ ನಿರ್ದೇಶಿಸಿದ 1957ರ ಸಿನಿಮಾ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರಿಗೆ ಸೆರೆಸಿಕ್ಕ ಬ್ರಿಟಿಷ್ ಸೈನಿಕರಿಂದ ಕಾಡಿನ ನಡುವೆ ರೈಲು ಸೇತುವೆ ಕಟ್ಟಿಸುವ ಕಥೆ. ಕೊನೆಗೆ ಬ್ರಿಟಿಷರ ಕಡೆಯವರೇ ಬಂದು ಆ ಸೇತುವೆಗೆ ಸಿಡಿಮದ್ದು ಇಡುತ್ತಾರೆ. ಸೇತುವೆ ಸಿಡಿಯುತ್ತದೆ, ಅದರ ಮೇಲೆ ಬರುತ್ತಿದ್ದ ಜಪಾನಿನ ರೈಲು ಹೊಳೆಗೆ ಬೀಳುತ್ತದೆ. ಕಥೆಯ ಲೆಕ್ಕದಲ್ಲಿ ಇದು ಗೆಲುವು.

ನಮ್ಮ ಹಾಲ್‌ನಲ್ಲಿ ಚಪ್ಪಾಳೆ ಬೀಳಲಿಲ್ಲ. “ಅಯ್ಯಯ್ಯೋ” ಅಂತ ಹಲವರ ಬಾಯಿಂದ ಒಟ್ಟಿಗೇ ಬಂತು. ಮುಂದಿನ ಸಾಲಿನಲ್ಲಿದ್ದ ಒಬ್ಬರು ಜೋರಾಗಿಯೇ ಅಂದರು: “ಅಷ್ಟು ಚಲೋ ಬ್ರಿಜ್ಜು, ಹಾಳ್ ಮಾಡಿಬಿಟ್ರಲ್ಲೋ ಯಪ್ಪಾ!”

ಅದು ಶತ್ರುವಿನ ಸೇತುವೆ. ಕೈದಿಗಳನ್ನು ಬಡಿದು, ಬಿಸಿಲಿಗೆ ನಿಲ್ಲಿಸಿ, ಕಾಯಿಲೆಯವರನ್ನೂ ಎಬ್ಬಿಸಿ ಕಟ್ಟಿಸಿದ್ದು. ಅದು ಬಿದ್ದರೆ ನಮಗ್ಯಾಕೆ ಹೊಟ್ಟೆ ಚುರ್ರ್ ಅನ್ನಬೇಕು? ಆ “ಅಯ್ಯಯ್ಯೋ” ಎಲ್ಲಿಂದ ಬಂತು ಅಂತ ಹುಡುಕುವುದೇ ಈ ಬರಹ. ಸೆರೆಶಿಬಿರದ ಸಿನಿಮಾಗಳು ಕ್ರೌರ್ಯವನ್ನೂ ಸಹನೆಯನ್ನೂ ನಮಗೆ ಹೇಗೆ ಉಣಿಸುತ್ತವೆ ಅನ್ನುವುದು ಅದರಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಯಾರ್ಯಾರಿದ್ದರು ಅನ್ನುವುದು ಮುಖ್ಯ. ಡಿಗ್ರಿ ಓದುವ ಹುಡುಗರು, ಹುಡುಗಿಯರು ಜಾಸ್ತಿ. ಇಬ್ಬರು ಉಪನ್ಯಾಸಕರು. ತುಂಗಭದ್ರಾ ಅಣೆಕಟ್ಟಿರುವ ಮುನಿರಾಬಾದ್‌ನಲ್ಲಿ ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದ ಒಬ್ಬ ಇಂಜಿನಿಯರ್ ಸಾಹೇಬರು. ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿರುವ ಒಬ್ಬ ಅಕ್ಕ. ಆಮೇಲೆ ಪಕ್ಕದ ಗೋದಾಮಿನಿಂದ ಸುಮ್ನೆ ಏನು ನಡೆದಿದೆ ಅಂತ ನೋಡಲು ಬಂದು ಕೂತ ನಾಲ್ಕೈದು ಹಮಾಲರು. ಅವರಲ್ಲಿ ಹಿರಿಯರನ್ನು ಎಲ್ಲರೂ ಕಾಕಾ ಅನ್ನುತ್ತಾರೆ. ಭತ್ತದ ಚೀಲ ಹೊತ್ತೇ ಆಯುಷ್ಯ ಕಳೆದವರು. ಸಿನಿಮಾ ಇಂಗ್ಲಿಷಿನದು, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುವ ಕೆಲಸ ನನ್ನದು.

ಸಿನಿಮಾದ ಮೊದಲ ಭಾಗದಲ್ಲಿ ಹಾಲ್ ಪೂರ್ತಿ ಒಂದೇ ಕಡೆ ಇತ್ತು. ಹರಿದ ಬೂಟು ಹಾಕಿಕೊಂಡು ಸಿಳ್ಳೆ ಹೊಡೆಯುತ್ತ ಕೈದಿಗಳು ಶಿಬಿರದೊಳಗೆ ಬರುತ್ತಾರೆ. ಮುಂದೆ ಕರ್ನಲ್ ನಿಕಲ್ಸನ್. ಶಿಬಿರದ ಅಧಿಕಾರಿ ಕರ್ನಲ್ ಸೈಟೊ. ಸೇತುವೆ ಕೆಲಸಕ್ಕೆ ಅಧಿಕಾರಿಗಳೂ ಕೈ ಹಾಕಬೇಕು ಅಂತ ಸೈಟೊನ ಆಜ್ಞೆ. ನಿಕಲ್ಸನ್ ಜೇಬಿನಿಂದ ಯುದ್ಧಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ ಜಿನೀವಾ ಒಪ್ಪಂದದ ಪುಸ್ತಕ ತೆಗೆದು 27ನೇ ವಿಧಿ ತೋರಿಸುತ್ತಾನೆ: ಅಧಿಕಾರಿಗಳನ್ನು ದೈಹಿಕ ದುಡಿಮೆಗೆ ಹಚ್ಚುವಂತಿಲ್ಲ. ಸೈಟೊ ಅದೇ ಪುಸ್ತಕದಿಂದ ಅವನ ಮುಖಕ್ಕೆ ಬಾರಿಸುತ್ತಾನೆ. ಅಧಿಕಾರಿಗಳೆಲ್ಲ ದಿನವಿಡೀ ಬಿಸಿಲಲ್ಲಿ ನಿಂತಿರುತ್ತಾರೆ, ಒಬ್ಬ ಕುಸಿದು ಬೀಳುತ್ತಾನೆ. ಸಂಜೆ ನಿಕಲ್ಸನ್‌ನನ್ನು ಎಳೆದೊಯ್ದು ಒಂದು ತಗಡಿನ ಪೆಟ್ಟಿಗೆಯೊಳಗೆ ತಳ್ಳುತ್ತಾರೆ. ಅದಕ್ಕೆ ಅಲ್ಲಿನವರು ಇಟ್ಟ ಹೆಸರೇ ‘ಓವನ್’.

ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನ ಕೆಳಗೆ ನಿಂತು ಗೊತ್ತಿರುವ ನಮ್ಮ ಕಡೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಕೆಲವು ದಿನಗಳ ನಂತರ ಸೈಟೊ ಅವನನ್ನು ಮಾತಿಗೆ ಕರೆಸುತ್ತಾನೆ. ಪೆಟ್ಟಿಗೆಯಿಂದ ಹೊರಬಂದ ನಿಕಲ್ಸನ್ ಅಂಗಳ ದಾಟಿ ನಡೆಯುತ್ತಾನೆ. ಮೊಣಕಾಲು ಸೊಟ್ಟಗೆ ಬೀಳುತ್ತದೆ, ಬೆನ್ನು ಮಾತ್ರ ನೆಟ್ಟಗಿರುತ್ತದೆ. ಆ ಪಾತ್ರ ಮಾಡಿದ ಅಲೆಕ್ ಗಿನ್ನೆಸ್ ಈ ನಡಿಗೆಯನ್ನು ತನ್ನ ಮಗನಿಂದ ತೆಗೆದುಕೊಂಡಿದ್ದ. ಪೋಲಿಯೊದಿಂದ ಚೇತರಿಸಿಕೊಳ್ಳುತ್ತಿದ್ದ ಆ ಹುಡುಗ ಹಾಗೇ ನಡೆಯುತ್ತಿದ್ದನಂತೆ. ಇಡೀ ಸಿನಿಮಾದಲ್ಲಿ ದೇಹ ಅನುಭವಿಸಿದ್ದನ್ನು ಇಷ್ಟು ನಿಜವಾಗಿ ತೋರಿಸುವ ಜಾಗ ಇನ್ನೊಂದಿಲ್ಲ. ಹಾಲ್‌ನಲ್ಲಿ ಫೋನ್ ನೋಡುತ್ತಿದ್ದ ಹುಡುಗರೂ ತಲೆ ಎತ್ತಿದರು.

ಕೊನೆಗೆ ಸೈಟೊ ಸೋಲುತ್ತಾನೆ. ಗಡುವಿನೊಳಗೆ ಸೇತುವೆ ಆಗದಿದ್ದರೆ ಅವನು ತನ್ನನ್ನೇ ಕೊಂದುಕೊಳ್ಳಬೇಕು. 1905ರಲ್ಲಿ ಜಪಾನ್ ರಷ್ಯಾವನ್ನು ಗೆದ್ದ ದಿನದ ನೆಪ ಹೇಳಿ ಅಧಿಕಾರಿಗಳನ್ನು ಬಿಡುತ್ತಾನೆ, ಅವರಿಗೆ ದುಡಿಮೆ ಇಲ್ಲ ಅನ್ನುತ್ತಾನೆ. ಹೊರಗೆ ಕೈದಿಗಳ ಕೇಕೆ. ಒಳಗೆ ಸೈಟೊ ಒಬ್ಬನೇ ಅಳುತ್ತಾನೆ. ನಮ್ಮ ಹುಡುಗರೂ ಸಿಳ್ಳೆ ಹಾಕಿದರು.

ನನ್ನ ಪ್ರಕಾರ ಸಿನಿಮಾದ ಕೈಚಳಕ ಇರುವುದು ಇಲ್ಲಿಂದ ಮುಂದೆ. ಇಲ್ಲಿಯವರೆಗೆ ಕ್ರೌರ್ಯಕ್ಕೆ ಒಂದು ಮುಖ ಇತ್ತು. ಸೈಟೊ ಕೂಗುತ್ತಿದ್ದ, ಹೊಡೆಯುತ್ತಿದ್ದ. ಈಗ ಅವನು ಮೂಲೆಗೆ ಸರಿಯುತ್ತಾನೆ. ಕೂಗಾಟ ನಿಲ್ಲುತ್ತದೆ. ಕೂಗಾಟ ನಿಂತರೆ ಕ್ರೌರ್ಯವೂ ನಿಂತಿತು ಅಂತ ನಾವು ಅಂದುಕೊಂಡುಬಿಡುತ್ತೇವೆ. ಆದರೆ ಆಮೇಲೆ ನಡೆಯುವುದನ್ನು ನೋಡಿ. ತನ್ನ ಸೈನಿಕರು ಬೇಕಂತಲೇ ಕೆಲಸ ಕೆಡಿಸುತ್ತಿದ್ದಾರೆ ಅಂತ ನಿಕಲ್ಸನ್‌ಗೆ ಗೊತ್ತಾಗುತ್ತದೆ. ಅದು ಅವನಿಗೆ ಅವಮಾನ ಅನಿಸುತ್ತದೆ. ಸೇತುವೆಯ ಜಾಗ ತಪ್ಪು ಅಂತ ಹೇಳಿ ಹೊಳೆಯ ಕೆಳಗಡೆಗೆ ಬದಲಿಸುತ್ತಾನೆ. ಸೈಟೊ ಕೇಳಿದ್ದಕ್ಕಿಂತ ಜಾಸ್ತಿ ಕೆಲಸ ದಿನಕ್ಕೆ ಆಗಬೇಕು ಅಂತ ತಾನೇ ನಿಗದಿ ಮಾಡುತ್ತಾನೆ. ಯಾವ ಹಕ್ಕಿಗಾಗಿ ಪೆಟ್ಟಿಗೆಯಲ್ಲಿ ಬೆಂದಿದ್ದನೋ ಅದನ್ನೇ ಬಿಟ್ಟುಕೊಟ್ಟು ಅಧಿಕಾರಿಗಳನ್ನೂ ಕೆಲಸಕ್ಕೆ ಇಳಿಸುತ್ತಾನೆ. ಗಡುವು ಹತ್ತಿರ ಬಂದಾಗ ಶಿಬಿರದ ಆಸ್ಪತ್ರೆಗೆ ಹೋಗಿ, ಅಲ್ಲಿ ಮಲಗಿದವರಲ್ಲಿ ಎದ್ದು ನಿಲ್ಲಬಲ್ಲವರನ್ನು ಕರೆದುಕೊಂಡು ಬರುತ್ತಾನೆ.

ಇದೆಲ್ಲ ನಡೆಯುವಾಗ ಪರದೆಯ ಮೇಲೆ ಏನಿದೆ? ಒಳ್ಳೆಯ ಬೆಳಕು, ಹೊಳೆ, ಮೇಲೇಳುತ್ತಿರುವ ಮರದ ಕಂಬಗಳು, ಹುರುಪಿನ ಸಂಗೀತ. ಕೈದಿಗಳು ತೆಳ್ಳಗೆ ಕಾಣುವುದಿಲ್ಲ. ಕೆಲಸ ಮುಗಿದ ಮೇಲೆ ನಾಟಕ ಆಡುತ್ತಾರೆ. ಚಿತ್ರೀಕರಣ ನಡೆದದ್ದು ಶ್ರೀಲಂಕಾದ ಕಿತುಲ್ಗಲದಲ್ಲಿ. ಅಲ್ಲಿ ಸೇತುವೆಯನ್ನು ನಿಜವಾಗಿಯೇ ಕಟ್ಟಿ, ನಿಜವಾಗಿಯೇ ಸಿಡಿಸಿದರು. ಹಾಗಾಗಿ ನಮ್ಮ ಕಣ್ಣೆದುರು ಬೆಳೆಯುವುದು ಗೊಂಬೆ ಸೇತುವೆ ಅಲ್ಲ, ಮರ ಕಡಿದು ನಿಲ್ಲಿಸಿದ ಸೇತುವೆಯೇ. ಎರಡು ಗಂಟೆಗೂ ಹೆಚ್ಚು ಹೊತ್ತು ಒಂದು ವಸ್ತು ಅಡಿಯಿಂದ ಮುಡಿಯವರೆಗೆ ಏಳುವುದನ್ನು ನೋಡಿದವನಿಗೆ ಅದು ತನ್ನದೇ ಅನಿಸಿಬಿಡುತ್ತದೆ. “ಅಯ್ಯಯ್ಯೋ” ಬಂದದ್ದು ಅಲ್ಲಿಂದ.

ಸಿನಿಮಾ ಮುಗಿದ ಮೇಲೆ ಇಂಜಿನಿಯರ್ ಸಾಹೇಬರು ಮೊದಲು ಎದ್ದರು. “ನೋಡ್ರಿ, ಕಟ್ಟೋ ಮನುಷ್ಯಗ ಮಾಲಕ ಯಾರು ಅನ್ನೋದು ನೆನಪಿರಂಗಿಲ್ಲ. ಅಳತಿ ಸರಿ ಐತೋ ಇಲ್ಲೋ, ಅಷ್ಟ ನೋಡ್ತಾನ” ಅಂದರು. ಅವರು ಈ ಮಾತನ್ನು ತಮಾಷೆಗೆ ಆಡಲಿಲ್ಲ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಹಾಕಿದಾಗ ಈ ದಡದಲ್ಲಿ ನಿಜಾಮ, ಆ ದಡದಲ್ಲಿ ಬ್ರಿಟಿಷರ ಮದ್ರಾಸು. ಕಟ್ಟಿ ಮುಗಿಯುವಷ್ಟರಲ್ಲಿ ಇಬ್ಬರೂ ಹೋಗಿದ್ದರು, ಅಣೆಕಟ್ಟು ಉಳಿಯಿತು. ಗಂಗಾವತಿಯ ಗದ್ದೆಗಳೆಲ್ಲ ಅದರ ಎಡದಂಡೆ ಕಾಲುವೆಯ ಮಕ್ಕಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಈ ಭಾಗದ ಜನ ಹೇಗೆ ನಿದ್ದೆಗೆಟ್ಟರು, ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತುಂಬಿ ಹರಿಯುವ ನೀರಿನಲ್ಲೇ ಗೇಟಿನ ಬದಲು ಇಳಿಸುವ ತಾತ್ಕಾಲಿಕ ತಡೆ, ಅಂದರೆ ಸ್ಟಾಪ್‌ಲಾಗ್ ಕೂತಾಗ ಹೇಗೆ ಕೂಗಿ ಕುಣಿದರು ಅನ್ನುವುದು ಎಲ್ಲರಿಗೂ ನೆನಪಿದೆ. ಇಂಥ ಊರಿನಲ್ಲಿ ಕುಳಿತು ಸೇತುವೆ ಸಿಡಿಯುವುದನ್ನು ನೋಡಿ ಖುಷಿಪಡಿ ಅಂದರೆ ಹೇಗೆ?

ಆದರೆ ನರ್ಸ್ ಅಕ್ಕ ಒಪ್ಪಲಿಲ್ಲ. ಅವರು ಹಿಡಿದದ್ದು ಆಸ್ಪತ್ರೆಯ ದೃಶ್ಯವನ್ನು. “ಜಪಾನಿನವ ಬಂದು ಎಬ್ಬಿಸಿದ್ದರ ಎಲ್ಲಾರೂ ಬೈತಿದ್ರಿ. ಅವರ ಸಾಹೇಬನ ಬಂದು ನಗುನಗುತ್ತಾ ಎಬ್ಬಿಸಿದ, ಯಾರೂ ಏನೂ ಅನ್ಲಿಲ್ಲ” ಅಂದರು. ಸಿನಿಮಾದಲ್ಲಿ ಇದು ಕಂಡು ಕಸಿವಿಸಿಪಡುವವನು ಒಬ್ಬನೇ, ಸೇನಾ ವೈದ್ಯ ಕ್ಲಿಪ್ಟನ್. ಕೊನೆಯಲ್ಲಿ “ಹುಚ್ಚು” ಅಂತ ಕೂಗುವವನೂ ಅವನೇ. ನಮ್ಮ ಹಾಲ್‌ನಲ್ಲೂ ಕ್ಲಿಪ್ಟನ್‌ನ ಕೆಲಸ ಮಾಡಿದ್ದು ಆಸ್ಪತ್ರೆಯವರೇ!

ಕಾಕಾ ಅಲ್ಲಿಯವರೆಗೆ ಸುಮ್ಮನಿದ್ದರು. ಕಡೆಗೆ ಕೈ ಎತ್ತಿ ಕೇಳಿದರು: “ಸರ, ನಂದೊಂದು ಐತ್ರಿ. ಇಷ್ಟು ದೊಡ್ಡ ದಿಮ್ಮಿ ಹೊರಾಕ ಅವರಿಗೆ ಊಟಕ್ಕ ಏನು ಕೊಡ್ತಿದ್ರು? ಒಂದ್ಸಲಾನೂ ಹೊಟ್ಟಿ ತುಂಬ ಉಂಡಿದ್ದು ತೋರ್ಸಲಿಲ್ಲಲ್ರಿ.”

ಇಡೀ ಚರ್ಚೆಯಲ್ಲಿ ಬಂದ ಒಳ್ಳೆಯ ಪ್ರಶ್ನೆ ಇದೇ. ಹೊರೆ ಹೊತ್ತವರಿಗಷ್ಟೇ ಹೊಳೆಯುವ ಪ್ರಶ್ನೆ. ಅವತ್ತು ಒಂದಿಷ್ಟು ಹೇಳಿದೆ. ಮುಂದಿನ ಸಲ ಸೇರಿದಾಗ ಸರಿಯಾಗಿ ಓದಿಕೊಂಡು ಹೋಗಿ ಉಳಿದದ್ದನ್ನು ಹೇಳಿದೆ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಆ ರೈಲು ಮಾರ್ಗ ನಿಜವಾಗಿಯೂ ಇತ್ತು. ಥಾಯ್ಲೆಂಡಿನಿಂದ ಬರ್ಮಾಕ್ಕೆ 415 ಕಿಲೋಮೀಟರ್. 1942ರಲ್ಲಿ ಶುರುಮಾಡಿ 1943ರ ಅಕ್ಟೋಬರ್‌ನಲ್ಲಿ ಎರಡೂ ತುದಿ ಕೂಡಿಸಿದರು. ದುಡಿದ ಯುದ್ಧಕೈದಿಗಳು 60 ಸಾವಿರಕ್ಕೂ ಹೆಚ್ಚು: ಬ್ರಿಟಿಷರು, ಆಸ್ಟ್ರೇಲಿಯಾದವರು, ಡಚ್ಚರು, ಕೆಲವು ಅಮೆರಿಕನ್ನರು. ಸತ್ತವರು 12 ಸಾವಿರಕ್ಕೂ ಮೇಲೆ. ಗುಂಡು ತಿಂದು ಸತ್ತವರು ಕಡಿಮೆ. ಕಾಲರಾ, ಭೇದಿ, ಮಲೇರಿಯಾ, ಬೆರಿಬೆರಿ, ಕೊಳೆತ ಹುಣ್ಣು, ಇವುಗಳಿಂದಲೇ ಜಾಸ್ತಿ. 1943ರ ಮಳೆಗಾಲದಲ್ಲಿ ಗಡುವು ಹಿಂದಕ್ಕೆ ತಂದು ಹಗಲುರಾತ್ರಿ ದುಡಿಸಿದ ತಿಂಗಳುಗಳೇ ಎಲ್ಲಕ್ಕಿಂತ ಕೆಟ್ಟವು.

ಊಟ ಅಂದರೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ, ಜೊತೆಗೆ ನೀರಿನಂಥ ತರಕಾರಿ ಸಾರು. ಮಲಗಿದವನಿಗೆ ಆ ಅನ್ನದಲ್ಲೂ ಕಡಿತ, ದುಡಿಯದವನಿಗೆ ಪೂರ್ತಿ ಊಟ ಯಾಕೆ ಅನ್ನುವ ಲೆಕ್ಕ. ಹಾಗಾಗಿ ಕಾಯಿಲೆ ಬಿದ್ದವರನ್ನು ಉಳಿಸಬೇಕಾದರೆ ದುಡಿಯುವವರು ತಮ್ಮ ಪಾಲಿನಲ್ಲಿ ಹಂಚಬೇಕಿತ್ತು. ಬೆರಿಬೆರಿ ಬರುವುದು ಬಿ1 ಜೀವಸತ್ವ ಇಲ್ಲದೆ. ಕಾಲು ಊದುತ್ತದೆ, ನಡೆಯಲು ಆಗುವುದಿಲ್ಲ, ಹೃದಯ ಸೋಲುತ್ತದೆ. ಆ ಸತ್ವ ಇರುವುದು ತೌಡಿನಲ್ಲಿ. ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಜಾವಾದಲ್ಲಿ ಕೋಳಿಗಳನ್ನು ಸಾಕಿ ಇದರ ಜಾಡು ಹಿಡಿದಿದ್ದ. ಬಿಳಿ ಅನ್ನ ತಿಂದ ಕೋಳಿಗಳು ಕಾಲು ಸೋತು ಬಿದ್ದವು, ತೌಡು ಸಮೇತದ ಅಕ್ಕಿ ತಿಂದವು ಎದ್ದವು. 1929ರಲ್ಲಿ ಅವನಿಗೆ ನೊಬೆಲ್ ಬಂತು. ಜಪಾನೀಯರ ಶಿಬಿರಗಳಲ್ಲಿದ್ದ ಕೈದಿ ವೈದ್ಯರಿಗೆ ಈ ವಿದ್ಯೆ ಗೊತ್ತಿತ್ತು. ಸಿಕ್ಕಲ್ಲೆಲ್ಲ ತೌಡು ಕೇಳಿ ತಂದು, ಗಂಟಲಿಗೆ ಇಳಿಯದಿದ್ದರೂ ರೋಗಿಗಳಿಗೆ ತಿನ್ನಿಸುತ್ತಿದ್ದರು.

ಇದನ್ನು ಕೇಳಿ ಕಾಕಾ ನಕ್ಕುಬಿಟ್ಟರು. “ನಾವು ಎಮ್ಮಿಗೆ ಹಾಕೋದು ಅವರಿಗೆ ಔಷಧ ಆತೇನ್ರಿ?” ರೈಸ್ ಮಿಲ್ಲುಗಳ ಊರು ಇದು. ತೌಡಿನ ರಾಶಿ ನೋಡದೆ ಬೆಳೆದವರು ಆ ಹಾಲ್‌ನಲ್ಲಿ ಯಾರೂ ಇರಲಿಲ್ಲ.

ಇನ್ನೊಬ್ಬ ಮನುಷ್ಯನ ಸಂಗತಿಯನ್ನೂ ಹೇಳಿದೆ. ಕಾಂಚನಬುರಿಯಲ್ಲಿ ಬೂನ್‌ಪಾಂಗ್ ಅಂತ ಒಬ್ಬ ಥಾಯ್ ವ್ಯಾಪಾರಿ ಇದ್ದ. ಶಿಬಿರಗಳಿಗೆ ದೋಣಿಯಲ್ಲಿ ಸಾಮಾನು ಹಾಕುವ ಗುತ್ತಿಗೆ ಅವನದು. ಸಾಮಾನಿನ ನಡುವೆ ಔಷಧಿ, ಹಣ ಬಚ್ಚಿಟ್ಟು ಒಳಗೆ ಸಾಗಿಸುತ್ತಿದ್ದ. ಸಿಕ್ಕಿಬಿದ್ದರೆ ತಲೆ ಹೋಗುತ್ತಿತ್ತು. ಕೈದಿಗಳು ತಮಗೆ ಸಿಗುವ ಚಿಲ್ಲರೆ ಕೂಲಿಯಲ್ಲಿ ಇಂಥ ವ್ಯಾಪಾರಿಗಳಿಂದ ಬಾತುಕೋಳಿ ಮೊಟ್ಟೆ ಕೊಳ್ಳುತ್ತಿದ್ದರು. ನಾನು ಓದಿದ ಮಟ್ಟಿಗೆ ಆ ಶಿಬಿರಗಳಲ್ಲಿ ಬದುಕುಳಿಯುವುದು ಅಂದರೆ ಇದೇ: ಒಂದು ಮೊಟ್ಟೆ, ಕುದಿಸಿದ ನೀರು, ಪಕ್ಕದವ ಬಿಟ್ಟುಕೊಟ್ಟ ಅರ್ಧ ಪಾಲು ಅನ್ನ. ನೆಟ್ಟಗಿನ ಬೆನ್ನಿನಿಂದ ಒಬ್ಬ ಅಧಿಕಾರಿ ಗೆಲ್ಲಬಹುದೇನೋ, ಭೇದಿ ಹಿಡಿದ ನೂರು ಜನ ಉಳಿಯುವುದಿಲ್ಲ. ಸಿನಿಮಾಕ್ಕೆ ಬೆನ್ನು ಬೇಕು, ಯಾಕೆಂದರೆ ಅದು ದೂರದಿಂದಲೂ ಕಾಣುತ್ತದೆ. ಅರ್ಧ ಪಾಲು ಅನ್ನ ಕಾಣುವುದಿಲ್ಲ.

ನಿಜವಾದ ಸೇತುವೆಯ ಶಿಬಿರದಲ್ಲಿ ಕೈದಿಗಳ ಹಿರಿಯ ಅಧಿಕಾರಿ ಆಗಿದ್ದವನು ಲೆಫ್ಟಿನೆಂಟ್ ಕರ್ನಲ್ ಫಿಲಿಪ್ ಟೂಸಿ. ನಿಕಲ್ಸನ್‌ಗೆ ಪೂರ್ತಿ ಉಲ್ಟಾ. ತನ್ನವರಿಗೆ ಏಟು ಬಿದ್ದಾಗಲೆಲ್ಲ ಹೋಗಿ ಅಡ್ಡ ನಿಂತು ತಾನೂ ಏಟು ತಿಂದವನು. ಅವನ ಕಣ್ಣೆದುರೇ ಸೈನಿಕರು ಗೆದ್ದಲು ಹಿಡಿದು ತಂದು ಮರದ ಕಂಬಗಳಿಗೆ ಬಿಡುತ್ತಿದ್ದರು, ಕಾಂಕ್ರೀಟನ್ನು ಬೇಕಂತಲೇ ಕೆಡಿಸಿ ಕಲಸುತ್ತಿದ್ದರು. ಸಿನಿಮಾ ಬಂದಾಗ ಬದುಕುಳಿದಿದ್ದ ಕೈದಿಗಳು ಸಿಟ್ಟಾದದ್ದು ಸುಮ್ಮನೆ ಅಲ್ಲ. ಅಲ್ಲಿ ಸೈಟೊ ಅನ್ನುವ ಹೆಸರಿನ ಜಪಾನೀ ಸೈನಿಕನೂ ಇದ್ದ. ಆದರೆ ಅವನು ಉಳಿದವರಿಗಿಂತ ಎಷ್ಟೋ ವಾಸಿ ಅಂತ ಯುದ್ಧ ಮುಗಿದ ಮೇಲೆ ಟೂಸಿಯೇ ಅವನ ಪರ ಮಾತಾಡಿದ. ಅಲ್ಲಿದ್ದ ಮರದ ಸೇತುವೆ, ಕಬ್ಬಿಣದ ಸೇತುವೆ ಎರಡೂ ಕಡೆಗೆ ಕೆಟ್ಟದ್ದು ವಿಮಾನಗಳ ಬಾಂಬಿನಿಂದ. ಕಬ್ಬಿಣದ ಸೇತುವೆಯನ್ನು ಆಮೇಲೆ ರಿಪೇರಿ ಮಾಡಿದರು, ಇವತ್ತಿಗೂ ಅದರ ಮೇಲೆ ರೈಲು ಓಡುತ್ತದೆ. ಇನ್ನೊಂದು ತಮಾಷೆ ಏನು ಗೊತ್ತಾ? ಆ ಸೇತುವೆ ಇದ್ದದ್ದು ಮೇ ಕ್ಲಾಂಗ್ ಹೊಳೆಯ ಮೇಲೆ. ಸಿನಿಮಾ ನೋಡಿದ ಪ್ರವಾಸಿಗರು ಬಂದು ಬಂದು ‘ಕ್ವಾಯ್’ ಎಲ್ಲಿ ಅಂತ ಕೇಳತೊಡಗಿದ ಮೇಲೆ, 1960ರ ದಶಕದಲ್ಲಿ ಹೊಳೆಯ ಆ ಭಾಗದ ಹೆಸರನ್ನೇ ಬದಲಿಸಿದರು.

ಇನ್ನು ಪರದೆಯ ಮೇಲೆ ಇಲ್ಲದೇ ಇದ್ದವರು. ಯುದ್ಧಕೈದಿಗಳಿಗಿಂತ ಹೆಚ್ಚಾಗಿ ಆ ಮಾರ್ಗಕ್ಕೆ ದುಡಿದವರು ಏಷ್ಯಾದ ಕೂಲಿಗಳು. ಮಲಯಾದ ರಬ್ಬರ್ ತೋಟಗಳಿಂದ ತಮಿಳರು, ಬರ್ಮೀಯರು, ಜಾವಾದವರು, ಮಲಯರು. ಒಳ್ಳೆಯ ಕೂಲಿ, ಸ್ವಲ್ಪ ದಿನದ ಕೆಲಸ ಅಂತ ನಂಬಿಸಿ ಕೆಲವರನ್ನು ಕರೆದೊಯ್ದರು, ಕೆಲವರನ್ನು ಹಿಡಿದೇ ಒಯ್ದರು. ಎರಡು ಲಕ್ಷದ ಆಸುಪಾಸು ಜನ ಅನ್ನುವುದು ಅಂದಾಜು. ಅವರಲ್ಲಿ ಸುಮಾರು 90 ಸಾವಿರ ಮಂದಿ ಸತ್ತರು ಅನ್ನುವುದೂ ಅಂದಾಜೇ, ಯಾಕೆಂದರೆ ಹೆಸರು ಬರೆದಿಟ್ಟವರಿಲ್ಲ. ಅವರ ಜೊತೆ ಸೇನಾ ವೈದ್ಯರಿರಲಿಲ್ಲ, ನೀರು ಕುದಿಸಿ ಕುಡಿಯಿರಿ ಅಂತ ಶಿಸ್ತು ಹೇರುವ ಅಧಿಕಾರಿಗಳಿರಲಿಲ್ಲ, ಜಿನೀವಾ ಒಪ್ಪಂದವಂತೂ ಅವರಿಗೆ ಅನ್ವಯವೇ ಇರಲಿಲ್ಲ. ಕಾಂಚನಬುರಿಯ ಯುದ್ಧ ಸ್ಮಶಾನದಲ್ಲಿ ಸುಮಾರು 7 ಸಾವಿರ ಸೈನಿಕರ ಸಮಾಧಿಗಳು ಸಾಲಾಗಿವೆ, ಹುಲ್ಲು ಕತ್ತರಿಸಿ ಚೆಂದ ಇಟ್ಟಿದ್ದಾರೆ. ಕೂಲಿಗಳಿಗೆ ಅಂಥ ಸಾಲು ಇಲ್ಲ.

ಸಿನಿಮಾದ ಸೇತುವೆಯ ಮೇಲೆ ಒಬ್ಬ ತಮಿಳನೂ ಕಾಣುವುದಿಲ್ಲ. ಸ್ಥಳೀಯರು ಅಂತ ಬರುವವರು ಸೇತುವೆ ಸಿಡಿಸಲು ಬಂದ ಕಮಾಂಡೋಗಳ ಸಾಮಾನು ಹೊರುವ ಥಾಯ್ ಹೆಂಗಸರು ಮತ್ತು ಅವರ ಜೊತೆಗಿನ ಒಬ್ಬ ದಾರಿತೋರುಗ, ಅಷ್ಟೇ. ಮೂಲ ಕಾದಂಬರಿ ಬರೆದ ಪಿಯೆರ್ ಬೂಲ್ ಯುದ್ಧಕ್ಕೆ ಮೊದಲು ಮಲಯಾದ ರಬ್ಬರ್ ತೋಟದಲ್ಲೇ ಕೆಲಸಕ್ಕಿದ್ದವನು!

ಇದನ್ನು ಹೇಳಿದಾಗ ಹಾಲ್‌ನಲ್ಲಿ ಒಬ್ಬ ಹುಡುಗಿ ಎದ್ದು, “ಸರ್, ಹಾಗಾದ್ರೆ ಆ ಜಿನೀವಾ ಪುಸ್ತಕದಲ್ಲಿ ಕೈದಿಗಳ ಕೈಲಿ ಸೇತುವೆ ಕಟ್ಟಿಸಬಹುದು ಅಂತ ಇದೆಯಾ?” ಅಂದಳು. ಒಳ್ಳೆಯ ಏಟು. 1929ರ ಆ ಒಪ್ಪಂದದ 31ನೇ ವಿಧಿ ಪ್ರಕಾರ ಯುದ್ಧ ಕಾರ್ಯಾಚರಣೆಗೆ ನೇರವಾಗಿ ಸೇರಿದ ಕೆಲಸವನ್ನು ಯಾವ ಕೈದಿಯಿಂದಲೂ ಮಾಡಿಸುವಂತಿಲ್ಲ. ಬರ್ಮಾದಲ್ಲಿ ಕಾದುವ ಸೈನ್ಯಕ್ಕೆ ಸಾಮಾನು ಒಯ್ಯಲು ಕಟ್ಟಿದ ರೈಲು ಮಾರ್ಗ ಅದು. ಅಂದರೆ ನಿಕಲ್ಸನ್ ಕೈಯಲ್ಲಿ ಹಿಡಿದ ಪುಸ್ತಕದಲ್ಲೇ, ನಾಲ್ಕು ವಿಧಿ ಮುಂದೆ, ಸೇತುವೆಯೇ ಕೂಡದು ಅನ್ನಲು ಆಧಾರ ಇತ್ತು. ಅವನು ಅಧಿಕಾರಿಗಳ ಮಾನ ಕಾಯುವ ಪುಟಕ್ಕೆ ಬಂದು ನಿಂತುಬಿಟ್ಟ. ಜಪಾನ್ ಆ ಒಪ್ಪಂದಕ್ಕೆ ಸಹಿ ಹಾಕಿತ್ತು, ಅನುಮೋದಿಸಿರಲಿಲ್ಲ, ಅದು ಬೇರೆ ಮಾತು. ಪೆಟ್ಟಿಗೆಯೊಳಗಿನ ಆ ಸಹನೆಯನ್ನು ನಾನೂ ಮೆಚ್ಚುತ್ತೇನೆ. ಆದರೆ ಅದು ಯಾರಿಗಾಗಿ ಅಂತ ಕೇಳಿದರೆ ಉತ್ತರ ಸಣ್ಣದು.

ಕ್ರೌರ್ಯದ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಸಿನಿಮಾದಲ್ಲಿ ಅದು ಸೈಟೊನ ಸಿಟ್ಟು, ಅವನ ಕುಡಿತ, ಅವನ ಅಭಿಮಾನ. ನಿಜದಲ್ಲಿ ಅದು ಏಣಿಯ ಹಾಗೆ ಮೇಲಿಂದ ಕೆಳಗೆ ಇಳಿಯುತ್ತಿತ್ತು. ಜಪಾನಿನ ಸೈನ್ಯದಲ್ಲಿ ಮೇಲಿನವನು ಕೆಳಗಿನವನ ಕೆನ್ನೆಗೆ ಬಾರಿಸುವುದು ದಿನದ ವಾಡಿಕೆ. ಕೈದಿಗಳನ್ನು ಕಾಯುತ್ತಿದ್ದ ಕಾವಲುಗಾರರಲ್ಲಿ ಬಹಳ ಮಂದಿ ಕೊರಿಯಾದವರು, ಆಗ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಜಪಾನೀಯರಿಂದ ಏಟು ತಿಂದ ಆ ಹುಡುಗರಿಗೆ ತಾವು ಹೊಡೆಯಬಹುದಾದವರು ಅಂತ ಇದ್ದದ್ದು ಕೈದಿಗಳು ಮಾತ್ರ. ಯುದ್ಧದ ನಂತರ 148 ಕೊರಿಯನ್ನರು ಯುದ್ಧಾಪರಾಧಿಗಳು ಅಂತ ತೀರ್ಪಾಯಿತು, 23 ಮಂದಿಗೆ ಮರಣದಂಡನೆ ಆಯಿತು. “ಮೇಸ್ತ್ರಿಗೆ ಮಾಲಕ ಬೈದ್ರ ಅವತ್ತು ನಮಗ ಗೊತ್ತಾಗಿಬಿಡ್ತದ” ಅಂತ ಇನ್ನೊಬ್ಬ ಹಮಾಲರು ಅಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರಲಿಲ್ಲ.

ಆಮೇಲೆ ಅದೇ ರೈಲು ಮಾರ್ಗದ ಇನ್ನೊಂದು ಸಿನಿಮಾ ಹಾಕಿದೆವು: ‘ದಿ ರೈಲ್ವೇ ಮ್ಯಾನ್’, 2013ರದು. ಎರಿಕ್ ಲೋಮ್ಯಾಕ್ಸ್ ಅನ್ನುವ ಸಿಗ್ನಲ್ಸ್ ಅಧಿಕಾರಿಯ ನಿಜ ಜೀವನದ ಕಥೆ. ಕದ್ದು ರೇಡಿಯೊ ಮಾಡಿದ್ದಕ್ಕೆ ಹಿಡಿದು ಕೈ ಮುರಿಯುವ ಹಾಗೆ ಹೊಡೆದರು, ಬಾಯಿಗೆ ನೀರು ಬಿಟ್ಟು ಹಿಂಸಿಸಿದರು. ಅವನ ವಿಚಾರಣೆಯಲ್ಲಿ ದುಭಾಷಿ ಆಗಿದ್ದವನು ತಕಾಶಿ ನಾಗಾಸೆ. ಎಷ್ಟೋ ವರ್ಷದ ನಂತರ, 1993ರಲ್ಲಿ, ಇಬ್ಬರೂ ಕಾಂಚನಬುರಿಯಲ್ಲೇ ಭೇಟಿಯಾದರು. ನಾಗಾಸೆ ಕ್ಷಮೆ ಕೇಳಿದ, ಕೊನೆಗೆ ಸ್ನೇಹಿತರಾದರು. ಸಿನಿಮಾದಲ್ಲಿ ಲೋಮ್ಯಾಕ್ಸ್ ಸೇಡಿನ ಮನಸ್ಸಿನಿಂದ ಹೇಳದೆ ಕೇಳದೆ ಹೋಗಿ ಎದುರು ನಿಲ್ಲುತ್ತಾನೆ. ನಿಜದಲ್ಲಿ ಮೊದಲು ಲೋಮ್ಯಾಕ್ಸ್‌ನ ಹೆಂಡತಿ ನಾಗಾಸೆಗೆ ಪತ್ರ ಬರೆದಳು, ಮಾತುಕತೆಯಾಗಿ, ಗೊತ್ತುಮಾಡಿಕೊಂಡೇ ಸೇರಿದ್ದು. ಅದನ್ನೇ ತೋರಿಸಿದ್ದರೂ ಸಾಕಿತ್ತು ಅನಿಸುತ್ತದೆ ನನಗೆ, ಪತ್ರ ಬಂದ ಬೆಳಿಗ್ಗೆ ಆ ಮುದುಕನಿಗೆ ಏನಾಗಿರಬೇಡ! ನೀರಿನ ದೃಶ್ಯದಲ್ಲಿ ಕೆಲವರು ಎದ್ದು ಹೊರಗೆ ಹೋದರು. ಅವತ್ತು ಯಾರೂ ರೈಲು ಮಾರ್ಗವನ್ನು ಹೊಗಳಲಿಲ್ಲ. ಆದರೆ ಕೂಲಿಗಳ ಬಗ್ಗೆ ಇದರಲ್ಲೂ ಏನೂ ಇಲ್ಲ.

ಹುಡುಗರು ಕೇಳಿದ ಇನ್ನೊಂದು ಪ್ರಶ್ನೆ, ನಮ್ಮವರು ಯಾರೂ ಸೆರೆಯಾಗಲಿಲ್ಲವಾ ಅಂತ. 1942ರ ಫೆಬ್ರುವರಿ 15ರಂದು ಸಿಂಗಪುರ ಬಿದ್ದಾಗ ಸಾವಿರಾರು ಭಾರತೀಯ ಸೈನಿಕರೂ ಸೆರೆಯಾದರು. ಬಹಳ ಜನ ಆಜಾದ್ ಹಿಂದ್ ಫೌಜ್ ಸೇರಿದರು. ಸೇರದವರಲ್ಲಿ ಎಷ್ಟೋ ಮಂದಿಯನ್ನು ನ್ಯೂಗಿನಿಯವರೆಗೂ ಒಯ್ದು ದುಡಿಸಿದರು. 1965ರಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕಾಗ, ಅವನಿಗೆ ಮಾತ್ರ ವಿಶೇಷ ಸವಲತ್ತು ಬೇಡ, ಎಲ್ಲ ಕೈದಿಗಳೂ ನನ್ನ ಮಕ್ಕಳೇ ಅಂತ ಅವರು ಹೇಳಿದ್ದು ಹೆಸರಾದ ಸಂಗತಿ. ಶಿಬಿರಗಳೂ ದೂರದವಲ್ಲ. ಮೊದಲ ಮಹಾಯುದ್ಧದಲ್ಲಿ ನಮ್ಮ ಬಳ್ಳಾರಿಯಲ್ಲೇ ತುರ್ಕಿ ಯುದ್ಧಕೈದಿಗಳ ಶಿಬಿರ ಇತ್ತು, 1917ರಲ್ಲಿ ರೆಡ್ ಕ್ರಾಸ್‌ನವರು ಭಾರತದ ಶಿಬಿರಗಳನ್ನು ನೋಡಲು ಬಂದಾಗ ಅಲ್ಲಿಗೂ ಬಂದಿದ್ದರು. ಅದರ ಮೇಲೆ ಯಾರಾದರೂ ಸಿನಿಮಾ ಮಾಡಿದರೆ ನಾನಂತೂ ಮೊದಲ ಟಿಕೆಟ್ ಕೊಳ್ಳುತ್ತೇನೆ. ಕಾವಲು ಕಾಯುವ ಕೆಲಸದಲ್ಲಿ ನಮ್ಮವರಿರುವ ಕಥೆ ನೋಡುವುದು ನಮಗೆ ಅಭ್ಯಾಸವಿಲ್ಲ.

ಕೆಲವು ತಿಂಗಳ ನಂತರ ಕಾರಟಗಿಯ ಗೆಳೆಯರು ಅದೇ ಸೇತುವೆಯ ಸಿನಿಮಾ ತಮ್ಮಲ್ಲೂ ಹಾಕಿ ಅಂದರು. ಈ ಸಲ ನಾವು ಕ್ರಮ ಬದಲಿಸಿದೆವು. ಅಕ್ಕಿಯ ಲೆಕ್ಕ, ತೌಡು, ಟೂಸಿ, ಗೆದ್ದಲು, 90 ಸಾವಿರ ಕೂಲಿಗಳು, ಎಲ್ಲವನ್ನೂ ಮೊದಲೇ ಹೇಳಿದೆವು. ಆಸ್ಪತ್ರೆಯ ದೃಶ್ಯವನ್ನು ಗಮನಿಸಿ ಅಂತಲೂ ಹೇಳಿದ್ದೆವು. ಗಮನಿಸಿದರು ಕೂಡ. ನಿಕಲ್ಸನ್ ರೋಗಿಗಳನ್ನು ಎಬ್ಬಿಸುವಾಗ “ಏ, ಬಿಡೋ ಅವರ್ನ” ಅಂತ ಹಿಂದಿನಿಂದ ಯಾರೋ ಕೂಗಿದರು.

ಕೊನೆಗೆ ಸೇತುವೆ ಸಿಡಿಯಿತು. “ಅಯ್ಯಯ್ಯೋ” ಮತ್ತೆ ಬಂತು. ಗಂಗಾವತಿಗಿಂತ ಕಡಿಮೆ ಇರಲಿಲ್ಲ. ಎಲ್ಲ ಗೊತ್ತಿದ್ದೂ ಬಂತು. ನಮ್ಮ ಜೊತೆ ಬಂದಿದ್ದ ಇಂಜಿನಿಯರ್ ಸಾಹೇಬರು ನನ್ನ ಕಡೆ ತಿರುಗಿ, “ನಾ ಹೇಳಿರ್ಲಿಲ್ಲೇನು?” ಅಂದರು. ಚರ್ಚೆ ಶುರುವಾದಾಗ ಮಾತ್ರ ಬ್ರಿಜ್ಜಿನ ಮಾತು ಯಾರೂ ಎತ್ತಲಿಲ್ಲ. ಮೊದಲ ಪ್ರಶ್ನೆ, ಆ ತಮಿಳು ಕೂಲಿಗಳ ಹೆಂಡರು ಮಕ್ಕಳು ಮಲಯಾದ ತೋಟದಲ್ಲಿ ಏನು ಮಾಡಿದರು ಅನ್ನುವುದಾಗಿತ್ತು.